“ಹೊಸಾದು ತಗೊಂಡ್ರ ಆಗೂದಿಲ್ಲೇನು?” ಅಂತ ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಒಂದೇ. “ಅಷ್ಟು ರೊಕ್ಕಕ್ಕ ಹೊಸಾ ಬ್ಲೂಟೂತ್ ಸ್ಪೀಕರ್ ಬರತೈತಿ, ಈ ಹಳೇ ಡಬ್ಬಿ ಯಾಕ ರಿಪೇರಿ ಮಾಡಕೋತ ಕುಂತೀರಿ?” ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲನೇ ಮಾತು, ಅದು ಡಬ್ಬಿ ಅಲ್ಲ. ಸ್ಟೀರಿಯೊ ರಿಸೀವರ್. ರೇಡಿಯೊ, ಆಂಪ್ಲಿಫೈಯರ್ ಎರಡೂ ಅದರಲ್ಲೇ ಇವೆ. ನಮ್ಮ ಕಾಕಾ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ 1979ರಲ್ಲಿ ಬೆಳಗಾವಿಗೆ ಹೊತ್ತು ತಂದ ಜಪಾನ್ ಸೆಟ್. ಹದಿನೈದು ವರ್ಷ ಅಟ್ಟದ ಮೇಲೆ ಬಿದ್ದಿತ್ತು.

ಹೋದ ದೀಪಾವಳಿಗೆ ನಮ್ಮ ಭಾವ ಬಂದಿದ್ದರು. ಒಂದು ಕೈಯಲ್ಲಿ ಕುಂದಾ, ಇನ್ನೊಂದು ಕೈಯಲ್ಲಿ ನೀರಿನ ಲೋಟ. ಲೋಟವನ್ನು ಸೀದಾ ರಿಸೀವರ್ ಮೇಲೆ, ಬಿಸಿ ಗಾಳಿ ಹೋಗುವ ಜಾಲರಿ ಮೇಲೇ ಇಟ್ಟರು! ನಾನು ಓಡಿ ಹೋಗಿ ಎತ್ತಿದೆ. ಅವರು ಕೇಳಿದ್ದು, “ಇದು ಬರೀ 30 ವ್ಯಾಟ್ ಅಂತೀರಿ. ನನ್ನ ಸ್ಪೀಕರ್ ಮ್ಯಾಲೆ 1000 ವ್ಯಾಟ್ ಅಂತ ಬರದೈತಲ್ಲ?”

ಬರೆಯುವುದಕ್ಕೇನು ಕಷ್ಟ, ಭಾವ? ಅಮೆರಿಕದಲ್ಲೂ ಕಂಪನಿಗಳು ಹೀಗೇ ಮನಸ್ಸಿಗೆ ಬಂದ ಅಂಕಿ ಹಾಕುತ್ತಿದ್ದವು. 1974ರಲ್ಲಿ ಅಲ್ಲಿ ಒಂದು ನಿಯಮ ಬಂತು: ಎಡ, ಬಲ ಎರಡೂ ಚಾನೆಲ್ ಒಟ್ಟಿಗೆ ನಡೆಸಿ, ಬಿಡದೆ ಎಷ್ಟು ವ್ಯಾಟ್ ಕೊಡುತ್ತದೋ ಅದನ್ನೇ ಹೇಳಬೇಕು, ದನಿ ಎಷ್ಟು ಕೆಡುತ್ತದೆ ಅನ್ನುವುದನ್ನೂ ಹೇಳಬೇಕು. ನಮ್ಮ ಸೆಟ್ಟಿನ ಪುಸ್ತಕದಲ್ಲಿ 30ರ ಪಕ್ಕ ಅದೆಲ್ಲ ಅಚ್ಚಾಗಿದೆ. ಮೊಬೈಲ್ ಚಾರ್ಜರ್‌ನಿಂದ 10 ವ್ಯಾಟ್ ಕುಡಿಯುವ ಸ್ಪೀಕರ್ ಬಿಡದೆ 1000 ವ್ಯಾಟ್ ಎಲ್ಲಿಂದ ತರುತ್ತದೆ?

ರೊಕ್ಕದ ಲೆಕ್ಕವೂ ಹೇಳುತ್ತೇನೆ. ಎಲ್ಲ ಸೇರಿ 2,800 ರೂಪಾಯಿ. ಸಾಕಲ್ವಾ?

ನನಗೆ ಬೇಜಾರು ಬೇರೆಯದು. ಎಷ್ಟು ಖರ್ಚಾಯಿತು ಅಂತ ಎಲ್ಲರೂ ಕೇಳುತ್ತಾರೆ, ಏನು ಕೆಟ್ಟಿತ್ತು ಅಂತ ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಇಷ್ಟು ವರ್ಷ ಸುಮ್ನೆ ಬಿದ್ದ ಸೆಟ್ಟನ್ನು ಸೀದಾ ಪ್ಲಗ್‌ಗೆ ಹಾಕಬಾರದು. 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬ್ ದಾಟಿಯೇ ಸೆಟ್ಟಿಗೆ ಹೋಗುವ ಹಾಗೆ, ಜೋಡಿಸಿ ಕರೆಂಟ್ ಕೊಡಬೇಕು. ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಭಗ್ಗನೆ ಹತ್ತಿ ಮಂಕಾದರೆ ಸರಿ, ಹಾಗೇ ಉರಿದರೆ ಒಳಗೆ ಶಾರ್ಟ್ ಇದೆ. ನಮ್ಮದು ಮಂಕಾಯಿತು. ಆದರೆ ರಿಲೇ, ಅಂದರೆ ಸ್ಪೀಕರ್‌ಗೆ ದಾರಿ ಬಿಡುವ ತಾನೇ ನಡೆಯುವ ಸ್ವಿಚ್ಚು, ‘ಟಕ್’ ಅನ್ನಲಿಲ್ಲ. ಆ ಟಕ್ ಬರದಿದ್ದರೆ ಸ್ಪೀಕರ್‌ಗೆ ಏನೂ ಹೋಗುವುದಿಲ್ಲ. ಮೀಟರ್ ಹಚ್ಚಿ ನೋಡಿದರೆ ಎಡಗಡೆ ಔಟ್‌ಪುಟ್‌ನಲ್ಲಿ 6 ವೋಲ್ಟ್ ಡಿಸಿ ನಿಂತಿತ್ತು. ಅದು ಸ್ಪೀಕರ್‌ಗೆ ಹೋಗಿದ್ದರೆ ಕಾಯಿಲ್ ಸುಟ್ಟು ಹೋಗಬಹುದಿತ್ತು. ಅಂದರೆ ರಿಲೇ ಕೆಟ್ಟಿರಲಿಲ್ಲ, ಕಾವಲು ಕಾಯುತ್ತಿತ್ತು! ಇಷ್ಟು ವರ್ಷ ಆದ ಮೇಲೂ.

ಮೂರು ರಾತ್ರಿ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಕಡಲೆಕಾಳಿನಷ್ಟು ಒಂದು ಟ್ರಾನ್ಸಿಸ್ಟರ್. ಅದರ ಕಾಲು ಕಪ್ಪಗಾಗಿತ್ತು. ಜೋಡಿಯಾಗಿ ಕೆಲಸ ಮಾಡುವುದು, ಹಾಗಾಗಿ ಎರಡನ್ನೂ ಬದಲಿಸಿದೆ. 6 ವೋಲ್ಟ್ ಇದ್ದದ್ದು 12 ಮಿಲಿವೋಲ್ಟ್‌ಗೆ ಇಳಿಯಿತು. ಹಚ್ಚಿ ಐದು ಸೆಕೆಂಡಿಗೆ ಟಕ್! ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಆಮೇಲೆ ಹಾಡಿನ ಕೆಳಗೆ ‘ಗುಂಯ್’ ಅನ್ನುತ್ತಿತ್ತು. ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ತಗ್ಗಿಸುವ ದೊಡ್ಡ ಕಂಡೆನ್ಸರ್‌ಗಳು ಒಣಗಿದ್ದವು. ಅವನ್ನೂ ಬದಲಿಸಿದೆ, ಪ್ಲಸ್ ಮೈನಸ್ ನಾಲ್ಕು ಸಲ ನೋಡಿಕೊಂಡು.

ಒಳ್ಳೆಯ ಪ್ರಶ್ನೆ ಕೇಳಿದ್ದು ಕಾಕಾ ಒಬ್ಬರೇ. ಸೆಟ್ ನೋಡಲು ಬಂದರು, ಖರ್ಚಿನ ಮಾತೇ ಎತ್ತಲಿಲ್ಲ. “ಧಾರವಾಡ ಹಿಡೀತೈತೇನು?” ಅಂದರು.

ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಜ್. ಅಮೆರಿಕದ ಡಿಜಿಟಲ್ ಸೆಟ್ ಹತ್ತತ್ತರ ಹೆಜ್ಜೆ ಹಾಕುತ್ತದೆ, 760 ಆದ ಮೇಲೆ 770. ನಮ್ಮದು ಮುಳ್ಳಿನದು, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಕಾಕಾನೇ ತಿರುಗಿಸಿದರು. ದನಿ ಬಂತು, ಜೊತೆಗೆ ಕರಕರ ಜಾಸ್ತಿ. ಹಿಂದಿನ ಆಂಟೆನಾ ಕಡ್ಡಿ ಹೊರಳಿಸಿದೆ, ಸ್ವಲ್ಪ ಕಡಿಮೆಯಾಯಿತು. ಆಮೇಲೆ ಮನೆಯ ಎಲ್‌ಇಡಿ ಬಲ್ಬುಗಳನ್ನು ಒಂದೊಂದಾಗಿ ಆರಿಸುತ್ತ ಹೋದೆ. ಅಡುಗೆಮನೆಯದು ಆರಿದ ಕೂಡಲೇ ಕರಕರ ನಿಂತಿತು.

ಮತ್ತೆ ಲೈಟ್ ಹಚ್ಚಲು ಎದ್ದೆ. “ಇರ್ಲಿ ಬಿಡೋ” ಅಂದರು ಕಾಕಾ. ವಾರ್ತೆ ಮುಗಿಯುವವರೆಗೂ ಡಯಲ್ ಬೆಳಕಲ್ಲೇ ಕೂತಿದ್ದೆವು.