ಭೋಪಾಲದ ಮಾನವ ಸಂಗ್ರಹಾಲಯ: 'ಅರ್ಧ ದಿನದ ಟೂರ್' ನಂಬಬೇಡಿ

ಭೋಪಾಲಕ್ಕೆ ಹೋದವರು ಸಾಂಚಿ, ಭೀಮ್‌ಬೆಟ್ಕಾ ನೋಡಿಕೊಂಡು ರೈಲು ಹತ್ತುತ್ತಾರೆ. ಅವುಗಳ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾಗಿರುವುದು ಶ್ಯಾಮಲಾ ಹಿಲ್ಸ್ ಮೇಲಿನ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಬಗ್ಗೆ. ಬುಡಕಟ್ಟು ಸಮುದಾಯಗಳ ಮನೆಗಳನ್ನು ಬಯಲಲ್ಲೇ ಕಟ್ಟಿ ತೋರಿಸುವ ಮ್ಯೂಸಿಯಂ ಇದು.

ಹೋಟೆಲಿನವರೇ ಟ್ಯಾಕ್ಸಿ ಗೊತ್ತು ಮಾಡಿಕೊಟ್ಟಿದ್ದರು. ಅರ್ಧ ದಿನ, ಐದು ಪಾಯಿಂಟ್. ಡ್ರೈವರ್ ಮಹಾಶಯ ಗೇಟಿನಲ್ಲಿ ಇಳಿಸಿ, "ಮುಕ್ಕಾಲು ಗಂಟೆ ಸಾಕು, ಒಳಗೆ ಬರೀ ಗುಡಿಸಲು" ಎಂದ. ಜಾಗ ಇರುವುದು ಸುಮಾರು 200 ಎಕರೆ! ಅದಕ್ಕೂ ಮೊದಲು ಸೀರೆ ಅಂಗಡಿ ಮುಂದೆ ನಿಲ್ಲಿಸಿದಾಗ ಮಾತ್ರ ಅವನಿಗೆ ಯಾವ ಅವಸರವೂ ಇರಲಿಲ್ಲ. ಜಗಳ ಆಡಿ, ಪೂರ್ತಿ ದುಡ್ಡು ಕೊಟ್ಟೇ ಸಾಗಹಾಕಿದೆ. ನೀವು ಸುಮ್ನೆ ಆಟೋದಲ್ಲಿ ಹೋಗಿ.

ಒಳಗಿರುವ ಮನೆಗಳು ಸಿನಿಮಾ ಸೆಟ್ ಅಲ್ಲ. ಆಯಾ ಸಮುದಾಯದವರೇ ಬಂದು ತಮ್ಮ ಪದ್ಧತಿಯಂತೆ ಕಟ್ಟಿದವು. ನೀಲಗಿರಿಯ ತೋಡ ಬುಡಕಟ್ಟಿನವರ ಮನೆ ನೋಡಿ. ಬಿದಿರು, ಬೆತ್ತ ಬಗ್ಗಿಸಿ ಕಮಾನಿನಂತೆ ಮಾಡಿ ಹುಲ್ಲು ಹೊದಿಸಿದ್ದಾರೆ. ಬಾಗಿಲು ಎಷ್ಟು ಗಿಡ್ಡ ಅಂದರೆ ತೆವಳಿಕೊಂಡೇ ನುಗ್ಗಬೇಕು. ಚಳಿ ಒಳಗೆ ಬರಬಾರದು, ಕಾಡುಪ್ರಾಣಿಯೂ ಬರಬಾರದು. ನಮ್ಮವರು ವರ್ಷವರ್ಷ ಊಟಿಗೆ ಹೋಗಿ ಚಾಕೊಲೇಟ್ ತರುತ್ತಾರೆ, ಪಕ್ಕದ ತೋಡರ ಮಂದ್ (ಹಟ್ಟಿ) ಕಡೆ ತಿರುಗಿಯೂ ನೋಡುವುದಿಲ್ಲ, ಅಲ್ವಾ?

ಗುಜರಾತ್ ಕಡೆಯ ರಾಠ್ವಾ ಬುಡಕಟ್ಟಿನ ಮನೆಯಲ್ಲಿ, ಪಿಥೋರಾ ಎಂಬ ಚಿತ್ರ ಬರೆದ ಗೋಡೆಯ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಗೋಡೆ ತುಂಬ ಕುದುರೆಗಳು. ಇದು ಅಲಂಕಾರಕ್ಕೆ ಬರೆದದ್ದಲ್ಲ, ಹರಕೆ ತೀರಿಸಲು ಬರೆಸುವುದು. ಕಾಯಿಲೆ ವಾಸಿಯಾದರೆ, ಬೆಳೆ ಕೈಹಿಡಿದರೆ ಮನೆಯವರು ಗೋಡೆ ಸಾರಿಸಿ, ಬಿಳಿ ಮಣ್ಣು ಬಳಿದು, ಬಡವಾ ಎಂಬ ಪೂಜಾರಿಯ ಸಮ್ಮುಖದಲ್ಲಿ ಚಿತ್ರ ಬರೆಸುತ್ತಾರೆ. ಇಷ್ಟು ಗೊತ್ತಿದ್ದು ನೋಡಿದರೆ ಕುದುರೆಗಳೇ ಬೇರೆ ಥರ ಕಾಣುತ್ತವೆ.

ಹತ್ತಿರದಲ್ಲೇ 2013ರಲ್ಲಿ ತೆರೆದ ಟ್ರೈಬಲ್ ಮ್ಯೂಸಿಯಂ ಇದೆ. ಎರಡೂ ಒಂದೇ ಎಂದು ಆಟೋದವರು ಹೇಳಿದರೆ ಕೇಳಬೇಡಿ. ಅದು ಕಟ್ಟಡದೊಳಗಿನದು, ಗೊಂಡ, ಭೀಲ, ಬೈಗಾ ಕಲಾವಿದರ ಕೈಕೆಲಸ ತುಂಬಿದೆ, ಚೆನ್ನಾಗಿದೆ. ಆದರೆ ಸೆಲ್ಫಿ ಗುಂಪು ವಿಪರೀತ. ಗದ್ದಲ ಸಹಿಸದ ನನಗೆ ಬೆಟ್ಟದ ಮೇಲಿನ ಮನೆಗಳೇ ಹಿತ. ಭಾನುವಾರ ಮಾತ್ರ ಎರಡರ ಹತ್ತಿರವೂ ಸುಳಿಯಬೇಡಿ.

ಹೋಟೆಲಿನ 'ಫ್ರೀ ಬ್ರೇಕ್‌ಫಾಸ್ಟ್' ಬಿಟ್ಟು ಬೆಳಿಗ್ಗೆ ಬೀದಿಗೆ ಇಳಿಯಿರಿ. ಹಳೇ ಊರಿನಲ್ಲಿ ಒಂದು ತಳ್ಳುಗಾಡಿ, ಬೋರ್ಡೂ ಇಲ್ಲ. ಕುದಿಯುವ ನೀರಿನ ಪಾತ್ರೆಯ ಮೇಲೆ ಅವಲಕ್ಕಿಯ ದೊಡ್ಡ ತಟ್ಟೆ, ಹಬೆಯಲ್ಲೇ ಬಿಸಿಯಾಗಿರುತ್ತದೆ. ನಮ್ಮ ಒಗ್ಗರಣೆ ಅವಲಕ್ಕಿಗಿಂತ ಮೆತ್ತಗೆ, ಸ್ವಲ್ಪ ಸಿಹಿ, ನಡುವೆ ಸೋಂಪಿನ ಕಾಳು. ಮೇಲೆ ಒಂದು ಹಿಡಿ ಸೇವ್, ಈರುಳ್ಳಿ, ನಿಂಬೆಹಣ್ಣು. ಜೊತೆಗೆ ಬಾಣಲೆಯಿಂದ ಆಗಷ್ಟೇ ತೆಗೆದ ಜಿಲೇಬಿ. ಖಾರ ಒಂದು ತುತ್ತು, ಸಿಹಿ ಒಂದು ತುತ್ತು. ಗಾಡಿಯವನು ಕೇಳದೆಯೇ ಇನ್ನಷ್ಟು ಸೇವ್ ಉದುರಿಸಿದ. ಇಬ್ಬರು ಹೊಟ್ಟೆ ತುಂಬ ತಿಂದರೂ ನೂರು ರೂಪಾಯಿ ದಾಟಲಿಲ್ಲ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರ ಭೋಪಾಲಕ್ಕೆ ಹೋಗುತ್ತದೆ. ಮೇ ತಿಂಗಳು ಬೇಡ, ಬಿಸಿಲು 40 ಡಿಗ್ರಿ ದಾಟುತ್ತದೆ, ಮಾನವ ಸಂಗ್ರಹಾಲಯದಲ್ಲಿ ನೋಡುವುದು ಹೆಚ್ಚಾಗಿ ಬಯಲಲ್ಲೇ. ಸೋಮವಾರ ಎರಡೂ ಮ್ಯೂಸಿಯಂಗೆ ರಜೆ. ನೀರಿನ ಬಾಟಲಿ ಗೇಟಿನ ಹೊರಗೇ ತುಂಬಿಸಿಕೊಳ್ಳಿ.