ತೊಡೆಯ ಸ್ನಾಯು, ಇಬ್ಬರ ಅಳತೆ: ಇಎಂಜಿ ಲಾಗ್

ಈ ಸಲ ಅಳೆಯುವ ಕ್ರಮವನ್ನೇ ಬದಲಾಯಿಸಿದೆವು. ಹೊಸದಾಗಿ ಓದುವವರಿಗೆ ಒಂದು ಮಾತು: ಅಕ್ಕನಾದ ನಾನೂ ನನ್ನ ತಮ್ಮನೂ ಒಂದೇ ವ್ಯಾಯಾಮ ಮಾಡುತ್ತೇವೆ. ತೊಡೆಯ ಹೊರಬದಿಯ ಸ್ನಾಯು, ಅಂದರೆ ವಾಸ್ಟಸ್ ಲ್ಯಾಟರಾಲಿಸ್, ಎಷ್ಟು ಚುರುಕಾಗುತ್ತದೆ ಅಂತ ಸ್ನಾಯುವಿನ ವಿದ್ಯುತ್ ಸಿಗ್ನಲ್ ಹಿಡಿಯುವ ಮೈಯೋವೇರ್ ಸೆನ್ಸರ್ ಮತ್ತು ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ದಾಖಲಿಸುತ್ತೇವೆ. ಈ ಅಳತೆಗೇ ಇಎಂಜಿ ಅನ್ನುವುದು.

ತಮ್ಮನ ಗ್ರಾಫ್ ಯಾವಾಗಲೂ ನನ್ನದಕ್ಕಿಂತ ಎತ್ತರ. ಹಾಗಂತ ಗಂಡಸರ ಸ್ನಾಯು ಜಾಸ್ತಿ ದುಡಿಯುತ್ತದೆ ಅನ್ನುವ ಹಾಗಿಲ್ಲ. ಸಿಗ್ನಲ್ ಹಿಡಿಯುವ ಎಲೆಕ್ಟ್ರೋಡ್ ಇರುವುದು ಚರ್ಮದ ಮೇಲೆ, ಸ್ನಾಯು ಇರುವುದು ಕೊಬ್ಬಿನ ಪದರದ ಕೆಳಗೆ. ಪದರ ದಪ್ಪ ಇದ್ದಷ್ಟೂ ಸಿಗ್ನಲ್ ಕುಗ್ಗುತ್ತದೆ. ಸರಾಸರಿ ನೋಡಿದರೆ ಹೆಂಗಸರಿಗೆ ತೊಡೆಯಲ್ಲಿ ಆ ಪದರ ದಪ್ಪ. ಬರೀ ಮೈಕ್ರೋವೋಲ್ಟ್ ಇಟ್ಟುಕೊಂಡು ಇಬ್ಬರನ್ನು ಹೋಲಿಸಿದರೆ ಅದು ಹೆಂಗಸರಿಗೆ ಅನ್ಯಾಯವೇ.

ಭಾರದ್ದೂ ಇದೇ ಕಥೆ. ಹೆಂಗಸರ ಕಾಲಿನ ಬಲ ಗಂಡಸರ ಬಲದ ಸುಮಾರು ಮೂರರಲ್ಲಿ ಎರಡು ಭಾಗ, ತೋಳಿನದು ಅರ್ಧದ ಆಸುಪಾಸು. ಇಬ್ಬರ ಕೈಗೂ ಅದೇ 20 ಕೆಜಿ ಕೊಟ್ಟರೆ ಹೆಂಗಸಿಗೆ ಅದು ತನ್ನ ಬಲದ ಹೆಚ್ಚಿನ ಪಾಲು, ಅಲ್ವಾ?

ಅದಕ್ಕೇ ಹೊಸ ಏರ್ಪಾಡು. ಭಾರದ ಮರದ ಕುರ್ಚಿಯ ಹಿಂಗಾಲಿಗೆ ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ ಕಟ್ಟಿ, ಅದರಿಂದ ಪಾದದ ಗಂಟಿಗೆ ಅಗಲವಾದ ಪಟ್ಟಿ ಬಿಗಿದೆವು. ಕುಳಿತು ಕಾಲನ್ನು ಮುಂದಕ್ಕೆ ಶಕ್ತಿ ಇದ್ದಷ್ಟು ಒದೆಯಬೇಕು. ತಕ್ಕಡಿ ತೋರಿಸುವ ಗರಿಷ್ಠ ಅಂಕಿಯೂ ಆಗಿನ ಸಿಗ್ನಲ್ಲೂ ಅವರವರ 100%. ಮುಂದಿನದೆಲ್ಲ ಅದರ ಶೇಕಡಾವಾರು.

ಚರ್ಮದ ತಯಾರಿಗೇ ಜಾಸ್ತಿ ಹೊತ್ತು ಹಿಡಿಯುತ್ತದೆ. ತಮ್ಮನ ತೊಡೆಯ ಕೂದಲು ಬೋಳಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡಬೇಕು. ಸೊಂಟದ ಮುಂದಿನ ಮೂಳೆಯ ತುದಿಯಿಂದ ಮಂಡಿಚಿಪ್ಪಿನ ಹೊರ ಅಂಚಿಗೆ ಟೇಪ್ ಹಿಡಿದು, ಮೂರನೇ ಎರಡು ಭಾಗದಲ್ಲಿ ಪೆನ್ನಿನಿಂದ ಗುರುತು ಹಾಕುತ್ತೇನೆ. ಎರಡು ಎಲೆಕ್ಟ್ರೋಡ್ ನಡುವೆ 20 ಮಿ.ಮೀ., ಸ್ನಾಯುವಿನ ಎಳೆಗಳ ದಿಕ್ಕಿನಲ್ಲೇ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ತಕ್ಷಣ ಗೆರೆಯ ಮೇಲಿದ್ದ ಸಣ್ಣ ನಡುಕ ನಿಂತಿತು. ಅದು ಮನೆ ಕರೆಂಟಿನ 50 ಹರ್ಟ್ಸ್.

ಶೇಕಡಾಕ್ಕೆ ತಂದ ಮೇಲೆ ಇಬ್ಬರ ಗೆರೆಗಳೂ ಹತ್ತಿರ ಹತ್ತಿರ ಬಂದವು! ನನಗೆ ತುಂಬಾ ಖುಷಿಯಾಯಿತು. ಆದರೆ ಗರಿಷ್ಠದ 30% ಒತ್ತಡವನ್ನು ಬಿಡದೆ ಹಿಡಿದಾಗ ವ್ಯತ್ಯಾಸ ಕಂಡಿತು. ಹೊತ್ತು ಹೋದಂತೆ ಇಬ್ಬರ ಗೆರೆಯೂ ಮೇಲೇರುತ್ತದೆ, ಯಾಕೆಂದರೆ ದಣಿದ ಎಳೆಗಳ ಜೊತೆಗೆ ಮೆದುಳು ಹೊಸ ಎಳೆಗಳನ್ನು ಕರೆಯುತ್ತದೆ. ತಮ್ಮನದು ಬೇಗ ಏರಿತು, ಅವನೇ ಮೊದಲು ಬಿಟ್ಟ.

ಇಬ್ಬರನ್ನು ಅಳೆದು ಗಂಡು–ಹೆಣ್ಣಿನ ತೀರ್ಮಾನ ಮಾಡುವ ಹಾಗಿಲ್ಲ. ಆದರೂ ಸಂಶೋಧನೆಗಳು ಹೇಳುವುದೂ ಇದನ್ನೇ. ಕಡಿಮೆ ಒತ್ತಡವನ್ನು ಹಿಡಿದಿಡುವ ಕೆಲಸದಲ್ಲಿ ಹೆಂಗಸರು ಸಾಮಾನ್ಯವಾಗಿ ಹೆಚ್ಚು ಹೊತ್ತು ತಾಳುತ್ತಾರೆ. ಬಲ ಜಾಸ್ತಿ ಇರುವ ಸ್ನಾಯು ಬಿಗಿದಾಗ ಒಳಗಿನ ರಕ್ತನಾಳಗಳನ್ನೂ ಜಾಸ್ತಿ ಅದುಮುತ್ತದೆ, ಹಾಗಾಗಿ ಬೇಗ ದಣಿಯುತ್ತದೆ. ಹೆಂಗಸರ ಈ ಸ್ನಾಯುವಿನಲ್ಲಿ ನಿಧಾನಕ್ಕೆ ದಣಿಯುವ ಟೈಪ್ 1 ಎಳೆಗಳ ಪಾಲೂ ಹೆಚ್ಚು. 'ಲೇಡೀಸ್‌ಗೆ ಲೈಟ್ ವೇಟ್ ಸಾಕು' ಅನ್ನುವ ತರಬೇತುದಾರರು ಇದನ್ನು ಓದಲೇಬೇಕು. ಅವರವರ ಗರಿಷ್ಠಕ್ಕೆ ತಕ್ಕ ಭಾರ ಎತ್ತಿದರೆ ಸ್ನಾಯು ಬೆಳೆಯುವ ಶೇಕಡಾವಾರು ಪ್ರಮಾಣ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ.

ಮುಂದೆ ತೊಡೆಯ ಹಿಂಬದಿಗೆ ಎರಡನೇ ಸೆನ್ಸರ್. ಜಿಗಿದು ಇಳಿಯುವಾಗ ಹೆಂಗಸರಲ್ಲಿ ಮುಂದಿನ ಸ್ನಾಯು ಹಿಂದಿನದಕ್ಕಿಂತ ಜಾಸ್ತಿ ಬಿಗಿಯುವುದು ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು) ಗಾಯಕ್ಕೆ ಒಂದು ಕಾರಣ ಎನ್ನುತ್ತಾರೆ. ಸ್ಕ್ವಾಟ್‌ನಲ್ಲಿ ನಮ್ಮಿಬ್ಬರ ಅನುಪಾತ ಹೇಗಿದೆ ಅಂತ ನೋಡಬೇಕು. ಜೆಲ್ ಎಲೆಕ್ಟ್ರೋಡ್ ಮುಗಿದಿವೆ, ಹೊಸ ಪ್ಯಾಕೆಟ್ ಬಂದ ಕೂಡಲೇ ಶುರು.