ಅಂಗಳದ ಲಾರಿ, ಮಾಸ್ಟ್ರ ನಿದ್ದೆ, ಮತ್ತೆ ಕೆಎ 19

ನಮ್ಮ ಭಾವನಿಗೆ ಒಂದು ಆರು ಚಕ್ರದ ಲಾರಿ ಉಂಟು. ಹಗಲಿಡೀ ಮಂಗಳೂರು ಕಡೆ ಬಾಡಿಗೆ ಹೊಡೆದು ರಾತ್ರಿ ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಮನೆಗೆ ಬರುತ್ತದೆ. ಮನೆ ಅಂದರೆ ಕಾಸರಗೋಡು ಜಿಲ್ಲೆಯ ಉತ್ತರದ ತುದಿಯಲ್ಲಿ, ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಅಂಗಳ ದೊಡ್ಡದು, ಮೊದಲು ಅಡಿಕೆ ಒಣಗಿಸಲಿಕ್ಕೆ ಮಾಡಿದ್ದು. ಈಗ ಅರ್ಧ ಅಡಿಕೆ, ಅರ್ಧ ಲಾರಿ. ಮಳೆಗಾಲದಲ್ಲಿ ಪೂರಾ ಲಾರಿ.

ಪಕ್ಕದ ಮನೆಯಲ್ಲಿ ಮಾಸ್ಟ್ರು. ರಿಟೈರ್ ಆಗಿ ತುಂಬಾ ವರ್ಷ ಆಯಿತು, ಭಾವನಿಗೆ ಆರನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು. ಹಾಗಾಗಿ ಅವರು ಏನು ಹೇಳಿದರೂ ಭಾವನ ಬಾಯಿ ಕಟ್ಟಿಹೋಗುತ್ತದೆ.

ಬೇಗ ಲೋಡು ಇದ್ದ ದಿನ ಬೆಳಗ್ಗೆ ನಾಲ್ಕೂವರೆಗೆ ಸ್ಟಾರ್ಟ್ ಮಾಡಬೇಕು. ಕಾರಿನ ಹಾಗೆ ಕೀ ತಿರುಗಿಸಿ ಹೊರಟುಬಿಡಲಿಕ್ಕೆ ಆಗುವುದಿಲ್ಲ, ಇದರದ್ದು ಏರ್ ಬ್ರೇಕ್, ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವಂಥದ್ದು. ರಾತ್ರಿಯೆಲ್ಲಾ ನಿಂತಾಗ ಟ್ಯಾಂಕಿನ ಗಾಳಿ ಸ್ವಲ್ಪ ಸ್ವಲ್ಪವೇ ಇಳಿದಿರುತ್ತದೆ, ಗಾಳಿಯ ಮೀಟರಿನ ಮುಳ್ಳು ಮೇಲೆ ಬರುವವರೆಗೆ ಇಂಜಿನ್ ಓಡುತ್ತಲೇ ಇರಬೇಕು, ಅಷ್ಟು ಹೊತ್ತೂ ಒಳಗೆ ಒಂದು ಬಜರ್ ಕೀಂ ಎಂದು ಕಿರುಚುತ್ತದೆ, ಅದು ನಿಂತ ಮೇಲೆ ರಿವರ್ಸ್, ರಿವರ್ಸಿಗೆ ಬೇರೆ ಪೀಂ ಪೀಂ. ಮಾಸ್ಟ್ರ ಮಲಗುವ ಕೋಣೆಯ ಕಿಟಕಿ ಅಲ್ಲಿಂದ ಹತ್ತು ಹೆಜ್ಜೆ. ಅವರ ಜಾಗದಲ್ಲಿ ನಾನಿದ್ದರೆ ಎರಡನೇ ದಿನವೇ ಜಗಳಕ್ಕೆ ಹೋಗುತ್ತಿದ್ದೆ. ಅವರು ವರ್ಷಕ್ಕಿಂತ ಜಾಸ್ತಿ ತಡೆದುಕೊಂಡರು.

ಕೊನೆಗೆ ಒಂದು ಭಾನುವಾರ ಮೊಬೈಲ್ ಹಿಡಿದುಕೊಂಡೇ ಬಂದರು. ಅಮೆರಿಕದಲ್ಲಿರುವ ಮಗ ಏನೋ ಕಳಿಸಿದ್ದ. ಅಲ್ಲಿ ಎಷ್ಟೋ ಊರುಗಳಲ್ಲಿ ಮನೆಗಳಿರುವ ಕಡೆ ಇಂತಿಷ್ಟು ತೂಕದ ಮೇಲಿನ ಬಾಡಿಗೆ ಗಾಡಿಯನ್ನು ಸ್ವಂತ ಜಾಗದಲ್ಲೂ ನಿಲ್ಲಿಸುವ ಹಾಗಿಲ್ಲ. ಒಂದೊಂದು ಊರಿಗೆ ಒಂದೊಂದು ನಿಯಮ, ಅದರ ಮೇಲೆ ಬಡಾವಣೆ ಸಂಘದ್ದು ಇನ್ನೊಂದು. "ನೋಡು, ಕಾನೂನು ಉಂಟು" ಅಂದರು ಮಾಸ್ಟ್ರು. ಭಾವ ನನ್ನ ಮುಖ ನೋಡಿದ. ಮನೆಯಲ್ಲಿ ಸ್ವಲ್ಪ ಓದುವವನು ನಾನೇ ಅಲ್ವಾ, ಕೆಲಸ ನನ್ನ ತಲೆಗೆ ಬಿತ್ತು.

ಮೋಟಾರು ವಾಹನ ಕಾಯ್ದೆ 1988ರದ್ದು. ಮನೆ ಅಂಗಳದಲ್ಲಿ ಲಾರಿ ಇಡಬಾರದು ಎಂದು ಅದು ಹೇಳುವುದಿಲ್ಲ. ಅದರ 122ನೇ ಸೆಕ್ಷನ್ ಮಾತಾಡುವುದು ಸಾರ್ವಜನಿಕ ಜಾಗದ ಬಗ್ಗೆ. ಬೇರೆಯವರಿಗೆ ಅಪಾಯ, ಅಡ್ಡಿ, ತೊಂದರೆ ಆಗುವ ಹಾಗೆ ಗಾಡಿ ನಿಲ್ಲಿಸಿ ಹೋಗಬಾರದು. ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ 1500ರವರೆಗೆ. 2017ರ ಡ್ರೈವಿಂಗ್ ನಿಯಮಗಳ ಪ್ರಕಾರ ಇನ್ನೊಬ್ಬರ ಗೇಟಿಗೆ ಅಡ್ಡ ನಿಲ್ಲಿಸುವುದೂ ತಪ್ಪು. ಹಾಗಾಗಿ ಲಾರಿ ಪೂರ್ತಿ ಗೇಟಿನ ಒಳಗೆ ಇದ್ದರೆ ಈ ಸೆಕ್ಷನ್ನಿನವರು ಕೇಳುವುದಿಲ್ಲ, ಹಿಂದಿನ ಎರಡು ಅಡಿ ಪಂಚಾಯತ್ ರಸ್ತೆಗೆ ಚಾಚಿಕೊಂಡಿದ್ದರೆ ಕೇಳಬಹುದು. ನಮ್ಮದು ಚಾಚಿಕೊಂಡಿತ್ತು. ಎರಡು ಅಡಿ ಅಲ್ಲ, ಟೇಪು ಹಿಡಿದು ನೋಡಿದೆ, ಮೂರು. ಅಡಿಕೆ ಇದ್ದ ದಿನ ಮಾತ್ರ ಎಂದು ಅಕ್ಕ ಹೇಳಿದಳು. ಅಡಿಕೆ ಇಲ್ಲದ ದಿನ ಯಾವುದು ಎಂದು ನಾನು ಕೇಳಲಿಲ್ಲ.

ಮಾಸ್ಟ್ರಿಗೆ ನಿಜವಾಗಿ ಬೇಕಾದ ಕಾನೂನು ಲಾರಿಯದ್ದಲ್ಲ, ಸದ್ದಿನದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಮನೆಗಳ ನಡುವೆ ಹಾರ್ನ್ ಹಾಕುವ ಹಾಗೂ ಇಲ್ಲ. ನಾಲ್ಕೂವರೆಯ ಇಂಜಿನ್ನು 45ರಲ್ಲಿ ಹೇಗೆ ನಿಲ್ಲುತ್ತದೆ? ಇದನ್ನು ನಾನು ಭಾವನಿಗೆ ಮೊದಲು ಹೇಳಿದೆ, ಮಾಸ್ಟ್ರಿಗೆ ಆಮೇಲೆ. ಯಾವ ಕಡೆಯವನು ನೀನು ಎಂದು ಅಕ್ಕ ಕೇಳಿದಳು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಓದುತ್ತಾ ಓದುತ್ತಾ ಮೋಟಾರು ಕಾಯ್ದೆಯ 40ನೇ ಸೆಕ್ಷನ್ ಕಣ್ಣಿಗೆ ಬಿತ್ತು. ಗಾಡಿ ರಿಜಿಸ್ಟರ್ ಮಾಡಬೇಕಾದದ್ದು ಎಲ್ಲಿ? ಮಾಲೀಕನ ಮನೆಯೋ ವ್ಯಾಪಾರದ ಜಾಗವೋ ಇದ್ದು, ಗಾಡಿ ಸಾಮಾನ್ಯವಾಗಿ ಇರುವುದು ಎಲ್ಲಿಯೋ ಆ ರಾಜ್ಯದಲ್ಲಿ. ಅಂದರೆ ಗಾಡಿ ಮನೆಯಲ್ಲಿ ಇರುತ್ತದೆ ಎಂದು ಕಾಯ್ದೆಯೇ ಒಪ್ಪಿಕೊಂಡ ಹಾಗಾಯಿತು. ಮಾಸ್ಟ್ರಿಗೆ ಒಳ್ಳೆ ಉತ್ತರ ಸಿಕ್ಕಿತು ಎಂದು ಖುಷಿಯಲ್ಲಿ ಹೊರಗೆ ಬಂದು ಲಾರಿ ನೋಡಿದೆ. ಹಳದಿ ಬೋರ್ಡಿನಲ್ಲಿ ಕೆಎ 19, ಮಂಗಳೂರಿನ ನಂಬರು. ನಮ್ಮ ಕಾಸರಗೋಡಿನ ಕೆಎಲ್ 14 ಅಲ್ಲ!

ಭಾವನಿಗೆ ಮಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಗೋಡೌನ್ ಉಂಟು, ಆರ್‌ಸಿಯಲ್ಲಿ ಆ ವಿಳಾಸ. ಸುಳ್ಳಲ್ಲ, ವ್ಯಾಪಾರದ ಜಾಗ ಅದೇ. ಆದರೆ ಲಾರಿ ಮಲಗುವುದು ಕೇರಳದಲ್ಲಿ. 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿಯ ನಂಬರು ಮಾಡಿಸಬೇಕು. "ದಿನಾ ಗಡಿ ದಾಟಿ ಹೋಗ್ತದಲ್ಲ ಮಾರಾಯ, ಹನ್ನೆರಡು ತಿಂಗಳು ಎಲ್ಲಿಂದ ಆಯ್ತು?" ಎಂದ ಭಾವ. ವಾದ ಮಾಡಬಹುದು. ಆದರೆ ಹಗಲೆಲ್ಲ ಊರೂರು ತಿರುಗುವ ವಸ್ತುವಿಗೆ ರಾತ್ರಿ ಎಲ್ಲಿ ಉಳಿಯುತ್ತದೋ ಅದೇ ಮನೆ ಅಂತ ನನ್ನ ಅಭಿಪ್ರಾಯ. ದನ ಯಾರದ್ದು ಎಂದು ಹಟ್ಟಿ ನೋಡಿ ಹೇಳುವುದಿಲ್ಲವಾ, ಹಾಗೆ. ಅಂಗಳದ ಲಾರಿಯ ಬಗ್ಗೆ ಇಷ್ಟು ಜಗಳ ಆಯಿತು, ಎಲ್ಲರಿಗೂ ಎದುರೇ ಕಾಣುತ್ತಿದ್ದ ನಂಬರ್ ಪ್ಲೇಟನ್ನು ಯಾರೂ ನೋಡಲಿಲ್ಲ.

ನಮ್ಮ ಕಡೆ ಇದು ಸಾಮಾನ್ಯ ಸಂಗತಿ. ಕೆಲಸ ಮಂಗಳೂರು, ಆಸ್ಪತ್ರೆ ಮಂಗಳೂರು, ಗಾಡಿಯೂ ಮಂಗಳೂರಿನದ್ದು, ಮತ ಮಾತ್ರ ಇಲ್ಲಿ. ಸ್ವಂತ ಕಾರಿನವನ ತಲೆನೋವು ಸಣ್ಣದು. ಲಾರಿಯವನದ್ದು ಹೊಟ್ಟೆಪಾಡು. ದೇಶವಿಡೀ ಓಡುವ ನ್ಯಾಷನಲ್ ಪರ್ಮಿಟ್ ಇದ್ದರೂ, ನಂಬರು ಯಾವ ರಾಜ್ಯದ್ದೋ ಅದು ಬಿಟ್ಟು ಬೇರೆ ರಾಜ್ಯದ ಒಳಗೆ ಒಂದು ಕಡೆ ಲೋಡ್ ಮಾಡಿ ಅದೇ ರಾಜ್ಯದಲ್ಲಿ ಇನ್ನೊಂದು ಕಡೆ ಇಳಿಸುವ ಹಾಗಿಲ್ಲ. ಭಾವ ತನ್ನ ಮನೆ ಹತ್ತಿರದ ಕುಂಬಳೆಯಲ್ಲಿ ಕೆಂಪುಕಲ್ಲು ತುಂಬಿಸಿ ಕಾಞಂಗಾಡಿನಲ್ಲಿ ಇಳಿಸಿದರೆ ತಪ್ಪು, ಅದೇ ಕಲ್ಲನ್ನು ಗಡಿಯಾಚೆ ಕರ್ನಾಟಕದ ತೊಕ್ಕೊಟ್ಟಿಗೆ ಒಯ್ದರೆ ಸರಿ. ಊರಿನಲ್ಲೇ ಇದ್ದುಕೊಂಡು ಊರಿನ ಬಾಡಿಗೆಯನ್ನೇ ಕೈಬಿಡಬೇಕು. ನಂಬರು ಬದಲಾಯಿಸಲಿಕ್ಕೆ ಅವನು ಒಪ್ಪಿದ್ದು ಇದಕ್ಕೇ, ನನ್ನ ಸೆಕ್ಷನ್ ಕೇಳಿ ಅಲ್ಲ.

ಇನ್ನೊಂದು ಸಣ್ಣ ವಿಷಯ. ಮಳೆಗಾಲದಲ್ಲಿ ಲಾರಿ ಸುಮ್ನೆ ನಿಲ್ಲುವುದಿದ್ದರೆ ಕೇರಳದಲ್ಲಿ ಮೊದಲೇ ಫಾರಂ ಜಿ ಕೊಟ್ಟು ಆ ಅವಧಿಯ ತೆರಿಗೆಗೆ ವಿನಾಯಿತಿ ಕೇಳಬಹುದು. ಗಾಡಿ ಎಲ್ಲಿ ನಿಂತಿರುತ್ತದೆ ಎಂದು ಅದರಲ್ಲಿ ಬರೆಯಬೇಕು, ಆಮೇಲೆ ಅಲ್ಲಿಂದ ಅಲುಗಾಡಿಸಬಾರದು.

ಮಾಸ್ಟ್ರ ಜೊತೆ ರಾಜಿ ಹೀಗೆ ಆಯಿತು: ಬೇಗ ಹೊರಡುವ ದಿನದ ಹಿಂದಿನ ರಾತ್ರಿ ಲಾರಿ ಮುಖ್ಯರಸ್ತೆ ಪಕ್ಕದ ಒಂದು ಖಾಲಿ ಜಾಗದಲ್ಲಿ. ಜಾಗ ಭಾವನ ದೋಸ್ತಿಯದ್ದು, ತಿಂಗಳಿಗೆ ಸ್ವಲ್ಪ ದುಡ್ಡು. ಮೊದಲೆಲ್ಲ ಹೆದ್ದಾರಿ ಬದಿಗೇ ಹಾಕಿ ಬರುತ್ತಿದ್ದರು, ಆರು ಪಥ ಆದ ಮೇಲೆ ಇರುವುದು ಕಿರಿದಾದ ಸರ್ವಿಸ್ ರೋಡ್, ಅಲ್ಲಿ ನಿಲ್ಲಿಸಿದರೆ ಬಸ್ಸಿನವರು ಬಿಡುವುದಿಲ್ಲ. ಉಳಿದ ದಿನ ಅಂಗಳದಲ್ಲೇ, ಆದರೆ ರಾತ್ರಿಯೇ ರಿವರ್ಸ್ ಹಾಕಿ ಮೂತಿ ಗೇಟಿನ ಕಡೆಗೆ. ಅಡಿಕೆ ಟೆರೇಸಿಗೆ ಹೋಯಿತು. ಅಕ್ಕನಿಗೆ ಇನ್ನೂ ಸಿಟ್ಟು.

ಈಗ ಮಂಗಳೂರಿನಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಬೇಕು, ಅದಕ್ಕೆ ಫಾರಂ 28. ಲಾರಿಗೆ ಸಾಲ ಇರುವುದರಿಂದ ಸಾಲ ಕೊಟ್ಟವರ ಒಪ್ಪಿಗೆ ಬೇರೆ. ಆಮೇಲೆ ಇಲ್ಲಿ ಹೊಸ ನಂಬರಿಗೆ ಫಾರಂ 27, ಇಲ್ಲಿಯ ತೆರಿಗೆ. ಫಾರಂ 28ರಲ್ಲಿ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಮೊನ್ನೆ ಸಂಜೆ ಭಾವ ಗೋಣಿ ಹಾಸಿ ಚಕ್ರದ ಪಕ್ಕ ಮಲಗಿ, ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕೆಸರು, ಗ್ರೀಸು, ತುಕ್ಕು ತೆಗೆದು, ಕಾಗದ ಇಟ್ಟು ಪೆನ್ಸಿಲ್ ಆಡಿಸಿದ. ಬೆಳಕು ಸಾಲಲಿಲ್ಲ. ಮಾಸ್ಟ್ರು ಟಾರ್ಚ್ ಹಿಡಿದುಕೊಂಡು ಬಂದು ಬಗ್ಗಿ ನಿಂತರು. "ಪೆನ್ಸಿಲ್ ಓರೆ ಹಿಡಿ, ಎಷ್ಟು ಸಲ ಹೇಳಬೇಕು ನಿನಗೆ" ಅಂದರು. "ಹೌದು ಮಾಸ್ಟ್ರೇ" ಎಂದು ಲಾರಿ ಅಡಿಯಿಂದ ಕೇಳಿಸಿತು.

ಕೊನೆಯ ಎರಡು ಅಂಕೆ ಸರಿಯಾಗಿ ಮೂಡಲಿಲ್ಲ. ಭಾನುವಾರ ಹಗಲಲ್ಲಿ ಇನ್ನೊಮ್ಮೆ ನೋಡಬೇಕು.